ಕೂಗುವ ಹಾಗಿಲ್ಲ, ಗುಂಡಿ ಒತ್ತಬೇಕು: ಆಲ್ಸ್‌ಮೀರ್ ಹೂವಿನ ಹರಾಜು

ನಮ್ಮ ಕಡೆ ಹರಾಜು ಅಂದರೆ ಕೂಗು. ಒಬ್ಬ ನೂರು ಅಂದರೆ ಇನ್ನೊಬ್ಬ ನೂರಹತ್ತು, ಕೊನೆಗೆ ‘ಒಂದು ಸಾರಿ, ಎರಡು ಸಾರಿ, ಮೂರು ಸಾರಿ’. ನೆದರ್ಲೆಂಡ್ಸ್‌ನ ಆಲ್ಸ್‌ಮೀರ್‌ನಲ್ಲಿ ಇದು ಉಲ್ಟಾ. ಬೆಲೆ ಮೇಲಿನಿಂದ ಇಳಿಯುತ್ತಾ ಬರುತ್ತದೆ. ಮೊದಲು ಗುಂಡಿ ಒತ್ತಿದವರಿಗೆ ಮಾಲು.

ಇದನ್ನು ನಡೆಸುವುದು ರಾಯಲ್ ಫ್ಲೋರಾಹಾಲೆಂಡ್, ಅಂದರೆ ಬೆಳೆಗಾರರದೇ ಸಹಕಾರ ಸಂಘ. ನಮ್ಮ ಹಾಲಿನ ಡೇರಿ ಇದೆಯಲ್ಲ, ಹಾಗೆ. ಈಗಿರುವ ದೊಡ್ಡ ಕಟ್ಟಡ ಶುರುವಾಗಿದ್ದು 1972ರಲ್ಲಿ.

ಮೊದಲ ಕೆಲಸ ರಾತ್ರಿಯದು. ಅಕ್ಕಪಕ್ಕದ ಗಾಜಿನ ಮನೆಗಳಿಂದ ಲಾರಿಗಳು ಬರುತ್ತವೆ. ಕೀನ್ಯಾ, ಇಥಿಯೋಪಿಯಾದ ಗುಲಾಬಿ ವಿಮಾನದಲ್ಲಿ ಬಂದಿಳಿಯುತ್ತದೆ. ನೀರಿನ ಬಕೆಟ್‌ಗಳಲ್ಲಿ ನಿಲ್ಲಿಸಿದ ಹೂವು ಟ್ರಾಲಿ ಏರಿ ತಣ್ಣನೆಯ ಕೋಣೆ ಸೇರುತ್ತದೆ. ಗುಣಮಟ್ಟ ನೋಡುವವರು ಬಂದು ಪರೀಕ್ಷೆ ಮಾಡುತ್ತಾರೆ.

ಬೆಳಿಗ್ಗೆ ಹರಾಜು. ಪರದೆಯ ಮೇಲೆ ಒಂದು ದೊಡ್ಡ ಗಡಿಯಾರ; ಅದು ತೋರಿಸುವುದು ಹೊತ್ತನ್ನಲ್ಲ, ಬೆಲೆಯನ್ನು. ಪಕ್ಕದಲ್ಲಿ ಹೂವಿನ ಫೋಟೊ, ಬೆಳೆಗಾರನ ಹೆಸರು, ಕಡ್ಡಿಯ ಉದ್ದ, ಎಷ್ಟು ಬಕೆಟ್ ಇದೆ ಎಂಬ ಲೆಕ್ಕ. ಒಂದು ಗುಲಾಬಿಗೆ 60 ಸೆಂಟ್ (ನೂರು ಸೆಂಟ್ ಅಂದರೆ ಒಂದು ಯೂರೊ) ಎಂದು ಶುರುವಾಯಿತು ಅಂದುಕೊಳ್ಳಿ. ಬೆಳಕಿನ ಚುಕ್ಕಿ ಸರ್ರನೆ ಕೆಳಗೆ ಜಾರುತ್ತದೆ: 50, 45, 40. ಇನ್ನೂ ಸ್ವಲ್ಪ ಇಳಿಯಲಿ ಅಂತ ಕಾದರೆ ಬೇರೆಯವರು ಒತ್ತಿಬಿಡುತ್ತಾರೆ. ಆತುರಪಟ್ಟರೆ ಜಾಸ್ತಿ ತೆರಬೇಕು. 34ಕ್ಕೆ ಒಬ್ಬರು ಒತ್ತಿದರು. ಅವರಿಗೆ ಬೇಕಿದ್ದು ಬರೀ ಮೂರು ಬಕೆಟ್. ಉಳಿದಿದ್ದಕ್ಕೆ ಗಡಿಯಾರ ಕೊಂಚ ಮೇಲೆ ಹಾರಿ ಮತ್ತೆ ಇಳಿಯತೊಡಗುತ್ತದೆ. ಒಂದು ವ್ಯಾಪಾರ ಮುಗಿಯಲು ಕೆಲವೇ ಸೆಕೆಂಡ್ ಸಾಕು. ಚೌಕಾಸಿಗೆ ಜಾಗವೇ ಇಲ್ಲ. ಸಂಜೆಗೆ ಬಾಡುವ ಮಾಲಿಗೆ ಇದಕ್ಕಿಂತ ಸರಿಯಾದ ದಾರಿ ಇನ್ನೊಂದಿಲ್ಲ ಅನ್ನಿಸುತ್ತದೆ ನನಗೆ.

ಕನಿಷ್ಠ ಬೆಲೆ ಮುಟ್ಟಿದರೂ ಯಾರೂ ಒತ್ತದಿದ್ದರೆ? ಡಚ್ಚರು ಅದಕ್ಕೆ ‘ದಾಟಿ ತಿರುಗಿತು’ ಎಂಬರ್ಥದ ಮಾತು ಹೇಳುತ್ತಾರೆ. ಚೆನ್ನಾಗಿದ್ದರೂ ಅಂಥ ಹೂವು ಮಾರಾಟಕ್ಕಿಲ್ಲ, ನಾಶವೇ ಗತಿ. ಹೊಟ್ಟೆ ಉರಿಯುತ್ತದೆ, ಅಲ್ವಾ? ಆದರೆ ಅದನ್ನೇ ಅಗ್ಗಕ್ಕೆ ಬಿಟ್ಟರೆ ಮಿಕ್ಕವರ ಬೆಲೆಯೂ ಬಿದ್ದುಹೋಗುತ್ತದೆ.

ಮಾರಿದ ಮಾಲು ಟ್ರಾಲಿ ಸಾಲುಗಳಲ್ಲಿ ಹೊರಡುತ್ತದೆ. ಪುಟ್ಟ ಎಲೆಕ್ಟ್ರಿಕ್ ಗಾಡಿಗಳು ರೈಲಿನಂತೆ ಅವನ್ನು ಎಳೆದುಕೊಂಡು ಹೋಗಿ ಕೊಂಡವರ ಜಾಗಕ್ಕೆ ಮುಟ್ಟಿಸುತ್ತವೆ. ಅಲ್ಲಿಂದ ಲಾರಿ, ಇಲ್ಲವೇ ಹತ್ತಿರದ ಸ್ಕಿಪೋಲ್ ವಿಮಾನ ನಿಲ್ದಾಣ. ಈಗ ಬಹಳಷ್ಟು ಜನ ತಮ್ಮ ಕಂಪ್ಯೂಟರ್ ಮುಂದೆ ಕೂತೇ ಗುಂಡಿ ಒತ್ತುತ್ತಾರೆ.

ಇಷ್ಟು ದೂರ ಹೋಗಲಾರದವರಿಗೆ ಬೆಂಗಳೂರಿನ ಹೆಬ್ಬಾಳವಿದೆ. ಅಲ್ಲಿನ ಹೂವಿನ ಹರಾಜು ಕೇಂದ್ರಕ್ಕೂ ಇದೇ ಇಳಿಯುವ ಗಡಿಯಾರ ಬಂದಿದೆ. ಅಲ್ಲಿ ಗುಲಾಬಿಯದೇ ಕಾರುಬಾರು. ಮಲ್ಲಿಗೆ, ಕನಕಾಂಬರ ಬೇಕಿದ್ದವರು ಮಾತ್ರ ಎಂದಿನಂತೆ ಕೆ.ಆರ್. ಮಾರುಕಟ್ಟೆಗೆ ಹೋಗಿ ಚೌಕಾಸಿ ಮಾಡಬೇಕು.