ಏಜೆಂಟ್ ಮೋಡ್‌ಗೆ ಕೆಲಸ ಒಪ್ಪಿಸುವಾಗ ನಾನು ಮಾಡಿಕೊಳ್ಳುವ ಏರ್ಪಾಡು

2021ರಲ್ಲಿ ಗಿಟ್‌ಹಬ್ ಕೋಪೈಲಟ್ ಬಂದಾಗ ಕೋಡ್ ಎಡಿಟರ್‌ನೊಳಗಿನ ಎಐ ಅಂದರೆ ಬೂದು ಬಣ್ಣದ ಸಲಹೆ, ಒಂದು ಟ್ಯಾಬ್ ಒತ್ತು, ಅಷ್ಟೇ. ಈಗಿನ ಏಜೆಂಟ್ ಮೋಡ್ ತಾನೇ ಫೈಲ್ ಹುಡುಕುತ್ತದೆ, ನಾಲ್ಕಾರು ಫೈಲ್ ಒಟ್ಟಿಗೆ ತಿದ್ದುತ್ತದೆ, ಟರ್ಮಿನಲ್‌ನಲ್ಲಿ ಕಮಾಂಡ್ ಓಡಿಸುತ್ತದೆ, ಎರರ್ ಬಂದರೆ ಅದನ್ನು ಓದಿ ಮತ್ತೆ ತಿದ್ದುತ್ತದೆ. ಇಷ್ಟು ಕೆಲಸ ಮಾಡುವ ಸಾಧನಕ್ಕೆ ಎಲ್ಲಿ ನಿಲ್ಲಬೇಕು ಅನ್ನುವುದನ್ನು ನಾವೇ ಗೊತ್ತುಮಾಡಬೇಕು.

ಶುರುಮಾಡುವ ಮೊದಲು ಗಿಟ್ (ಕೋಡ್ ಬದಲಾವಣೆಗಳ ದಾಖಲೆ ಇಡುವ ಸಾಧನ) ಸ್ಟೇಟಸ್ ಖಾಲಿ ಇರಬೇಕು. ಉಳಿದಿರುವ ಬದಲಾವಣೆಯನ್ನು ಕಮಿಟ್ ಮಾಡಿ (ಗಿಟ್‌ನಲ್ಲಿ ದಾಖಲಿಸಿ), ಹೊಸ ಬ್ರ್ಯಾಂಚ್ (ಕೋಡ್‌ನ ಬೇರೆ ಕವಲು) ತೆಗೆದು, ಆಮೇಲೆ ಏಜೆಂಟ್‌ಗೆ ಕೆಲಸ ಹೇಳುತ್ತೇನೆ. ಎಡಿಟರ್‌ನಲ್ಲೇ ಹಿಂದಿನ ಸ್ಥಿತಿಗೆ ಮರಳಿಸುವ ಚೆಕ್‌ಪಾಯಿಂಟ್ ಇದೆಯಲ್ಲ ಎನ್ನಬಹುದು. ಅದು ಹಿಂದಕ್ಕೆ ತರುವುದು ಏಜೆಂಟ್ ತಿದ್ದಿದ ಫೈಲ್‌ಗಳನ್ನು ಮಾತ್ರ. ಟರ್ಮಿನಲ್‌ನಲ್ಲಿ ಡೇಟಾಬೇಸ್ ಮೈಗ್ರೇಶನ್ (ಟೇಬಲ್‌ಗಳ ರಚನೆ ಬದಲಿಸುವ ಕೆಲಸ) ಓಡಿದ್ದರೆ, ಹಿಂದಕ್ಕೆ ತಂದಾಗ ಏಜೆಂಟ್ ಬರೆದ ಮೈಗ್ರೇಶನ್ ಫೈಲ್ ಮಾಯವಾಗುತ್ತದೆ, ಟೇಬಲ್‌ನಲ್ಲಿ ಸೇರಿದ ಹೊಸ ಕಾಲಮ್ ಹಾಗೇ ಉಳಿಯುತ್ತದೆ. ಕೋಡ್ ಒಂದು ಹೇಳಿದರೆ ಡೇಟಾಬೇಸ್ ಇನ್ನೊಂದು ಹೇಳುತ್ತಿರುತ್ತದೆ. ಹಾಗಾಗಿ ಮೈಗ್ರೇಶನ್ ಕಮಾಂಡ್‌ಗೆ ತಾನಾಗಿ ಒಪ್ಪಿಗೆ ಸಿಗುವಂತೆ ನಾನು ಯಾವತ್ತೂ ಇಡುವುದಿಲ್ಲ. ಟೆಸ್ಟ್, ಲಿಂಟ್ (ಕೋಡ್‌ನ ಶೈಲಿ, ಸಣ್ಣ ತಪ್ಪುಗಳ ತಪಾಸಣೆ), ಟೈಪ್ ಚೆಕ್, ಈ ಮೂರಕ್ಕೆ ಮಾತ್ರ ಕೇಳದೆ ಓಡಿಸುವ ಅನುಮತಿ. ಎಂಸಿಪಿ (ಎಐಗೆ ಹೊರಗಿನ ಸಾಧನಗಳನ್ನು ಜೋಡಿಸುವ ವ್ಯವಸ್ಥೆ) ಮೂಲಕ ಡೇಟಾಬೇಸ್ ಜೋಡಿಸಬೇಕಾದಾಗ ಓದುವ ಹಕ್ಕು ಮಾತ್ರ ಇರುವ ಬೇರೆ ಯೂಸರ್ ಮಾಡಿಕೊಡುತ್ತೇನೆ.

ಏಜೆಂಟ್‌ಗೆಂದು ಬರೆದ ಪ್ರಾಜೆಕ್ಟ್‌ನ ಸೂಚನೆ ಫೈಲನ್ನು ನಲವತ್ತು ಸಾಲಿನೊಳಗೆ ಇಟ್ಟುಕೊಂಡಿದ್ದೇನೆ. ಅದು ಪ್ರತಿ ಮಾತುಕತೆಯ ಜೊತೆಗೂ ಏಜೆಂಟ್‌ನ ಹಿಂದಿರುವ ಎಐ ಮಾಡೆಲ್‌ಗೆ ಹೋಗುತ್ತದೆ. ಉದ್ದವಾದಷ್ಟೂ ಕಾಂಟೆಕ್ಸ್ಟ್ (ಮಾಡೆಲ್ ಒಮ್ಮೆಗೆ ನೋಡಬಲ್ಲ ಪಠ್ಯದ ಜಾಗ) ತಿನ್ನುತ್ತದೆ, ಮುಖ್ಯವಾದ ಸಾಲು ಗುಂಪಿನಲ್ಲಿ ಕಳೆದುಹೋಗುತ್ತದೆ. ‘ಚೊಕ್ಕ ಕೋಡ್ ಬರೆ’ ಎಂಬಂಥ ಸಾಲಿನಿಂದ ಏನೂ ಆಗದು. ಕೋಡ್ ನೋಡಿ ತಿಳಿಯಲಾಗದ ಸಂಗತಿಯನ್ನು ಬರೆಯಬೇಕು: ಒಂದೇ ಟೆಸ್ಟ್ ಫೈಲ್ ಓಡಿಸುವ ಕಮಾಂಡ್ ಯಾವುದು, ಯಾವ ಫೋಲ್ಡರ್ ತಾನಾಗಿ ತಯಾರಾಗುವುದರಿಂದ ಮುಟ್ಟಬಾರದು, ಹೊಸ ಪ್ಯಾಕೇಜ್ (ಬೇರೆಯವರು ಬರೆದ ಸಿದ್ಧ ಕೋಡ್) ಸೇರಿಸುವ ಮುಂಚೆ ಕೇಳಬೇಕು. ಈ ಕೊನೆಯದನ್ನು ಬಿಡಲೇಬಾರದು. ಮಾಡೆಲ್‌ಗಳು ಇಲ್ಲದ ಪ್ಯಾಕೇಜ್‌ನ ಹೆಸರನ್ನು ಇದೆ ಎಂಬಂತೆ ಬರೆದುಬಿಡುತ್ತವೆ. ಅದೇ ಹೆಸರಿನಲ್ಲಿ ಯಾರಾದರೂ ಕೇಡಿನ ಪ್ಯಾಕೇಜ್ ಹಾಕಿಟ್ಟಿದ್ದರೆ ಅದು ನೇರವಾಗಿ ನಮ್ಮ ಮಷಿನ್‌ಗೆ ಬಂದು ಕೂರುತ್ತದೆ.

ಇನ್ನು ಟೆಸ್ಟ್ ವಿಷಯ. ಪಟ್ಟಿಯನ್ನು ಪುಟ ಪುಟವಾಗಿ ತೋರಿಸುವ ಫಂಕ್ಷನ್ ಇದೆ ಎನ್ನೋಣ. ಪುಟದ ಎಣಿಕೆ 1ರಿಂದ ಶುರು, ಪುಟಕ್ಕೆ 20 ದಾಖಲೆ. ಕೋಡ್‌ನಲ್ಲಿ ಆಫ್‌ಸೆಟ್ (ಮೊದಲಿಂದ ಎಷ್ಟು ದಾಖಲೆ ಬಿಟ್ಟು ಮುಂದೆ ಹೋಗಬೇಕು ಎಂಬ ಸಂಖ್ಯೆ) = ಪುಟ × 20 ಎಂದಿದೆ. ಮೊದಲ ಪುಟಕ್ಕೇ ಆಫ್‌ಸೆಟ್ 20 ಆಗಿ, ಮೊದಲ ಇಪ್ಪತ್ತು ದಾಖಲೆ ಕಾಣುವುದೇ ಇಲ್ಲ. ಸರಿಯಾದದ್ದು (ಪುಟ − 1) × 20. ‘ಟೆಸ್ಟ್ ಪಾಸ್ ಆಗುವಂತೆ ಮಾಡು’ ಎಂದಷ್ಟೇ ಹೇಳಿದರೆ, ಏಜೆಂಟ್ ಸೂತ್ರಕ್ಕೆ ಕೈಹಾಕದೆ ಟೆಸ್ಟ್‌ನಲ್ಲಿ ‘ಮೊದಲ ದಾಖಲೆ 1’ ಎಂದಿರುವುದನ್ನು ‘21’ ಎಂದು ತಿದ್ದಿಬಿಡಬಹುದು. ಹಸಿರು ಗುರುತು ಬೀಳುತ್ತದೆ, ದೋಷ ಅಲ್ಲೇ ಇರುತ್ತದೆ. ಆದ್ದರಿಂದ ಟೆಸ್ಟನ್ನು ನಾನೇ ಬರೆದು, ಅದು ಫೇಲ್ ಆಗುವುದನ್ನು ಕಣ್ಣಾರೆ ನೋಡಿ, ಕಮಿಟ್ ಮಾಡಿ, ‘ಟೆಸ್ಟ್ ಫೋಲ್ಡರ್ ಮುಟ್ಟಬೇಡ, ಈ ಒಂದು ಫೈಲನ್ನು ಮಾತ್ರ ತಿದ್ದು’ ಎಂದು ಫೈಲ್ ಹೆಸರು ಸಮೇತ ಹೇಳುತ್ತೇನೆ. ಮೂರಕ್ಕಿಂತ ಹೆಚ್ಚು ಫೈಲ್ ಬದಲಾಗುವ ಕೆಲಸವಾದರೆ ಮೊದಲು ಪ್ಲಾನ್ ಮೋಡ್‌ನಲ್ಲಿ ಯೋಜನೆ ಬರೆಸಿ, ಅದನ್ನು ತಿದ್ದಿ, ಆಮೇಲೆ ಮುಂದುವರಿಯುವುದು.

ಒಂದೇ ತಪ್ಪನ್ನು ಎರಡು ಸಲ ತಿದ್ದಿಸಿಯೂ ಸರಿಹೋಗದಿದ್ದರೆ ಆ ಚಾಟ್ ಮುಚ್ಚಿ ಹೊಸದು ತೆರೆಯುತ್ತೇನೆ. ಸೋತ ಪ್ರಯತ್ನಗಳೆಲ್ಲ ಕಾಂಟೆಕ್ಸ್ಟ್‌ನಲ್ಲಿ ಉಳಿದು ಮಾಡೆಲನ್ನು ಅದೇ ದಾರಿಗೆ ಎಳೆಯುತ್ತವೆ. ತಿಳಿದುಕೊಂಡದ್ದನ್ನು ಮೂರು ಸಾಲಿನಲ್ಲಿ ಹೊಸ ಚಾಟ್‌ಗೆ ಬರೆದರೆ ಸಾಕು.

ಎರಡು ಏಜೆಂಟ್‌ಗಳನ್ನು ಒಟ್ಟಿಗೆ ಓಡಿಸಲು ಗಿಟ್ ವರ್ಕ್‌ಟ್ರೀ ಒಳ್ಳೆಯ ಉಪಾಯ. ಒಂದೊಂದಕ್ಕೂ ಬೇರೆ ಫೋಲ್ಡರ್, ಬೇರೆ ಬ್ರ್ಯಾಂಚ್. ಆದರೆ ಗಿಟ್‌ನಲ್ಲಿ ಸೇರದ ಎನ್ವಿರಾನ್ಮೆಂಟ್ ಫೈಲ್ (ಪಾಸ್‌ವರ್ಡ್‌ನಂಥ ಸೆಟ್ಟಿಂಗ್ ಇರುವುದು) ಮತ್ತು ಇನ್‌ಸ್ಟಾಲ್ ಮಾಡಿದ ಪ್ಯಾಕೇಜ್‌ಗಳು ಹೊಸ ಫೋಲ್ಡರ್‌ಗೆ ಬರುವುದಿಲ್ಲ; ಅವನ್ನು ನಾವೇ ಹೊಂದಿಸಬೇಕು. ಎರಡೂ ಕಡೆ ಸರ್ವರ್ ಎಬ್ಬಿಸುವುದಾದರೆ ಪೋರ್ಟ್ ಸಂಖ್ಯೆಯನ್ನೂ ಬದಲಿಸಬೇಕು.

ಕೆಲಸ ಮುಗಿದ ಮೇಲೆ ಡಿಫ್ (ಏನೇನು ಬದಲಾಯಿತು ಎಂಬ ಪಟ್ಟಿ) ಓದುವಾಗ ನಾನು ಮೊದಲು ತೆರೆಯುವುದು ಟೆಸ್ಟ್, ಕಾನ್ಫಿಗ್, ಲಾಕ್ ಫೈಲ್‌ಗಳನ್ನು (ಲಾಕ್ ಫೈಲ್ ಅಂದರೆ ಪ್ಯಾಕೇಜ್‌ಗಳ ನಿಖರ ಆವೃತ್ತಿ ಬರೆದಿಡುವ ಫೈಲ್). ಅಲ್ಲಿ ಕೇಳದ ಬದಲಾವಣೆ ಕಂಡರೆ ಉಳಿದದ್ದನ್ನು ಓದುವ ಮೊದಲೇ ಏಕೆ ಎಂದು ವಿಚಾರಿಸುತ್ತೇನೆ. ಆಮೇಲೆ ಅಳಿಸಿದ ಸಾಲುಗಳು. ಸೇರಿಸಿದ್ದು ಹೇಗೂ ಕಣ್ಣಿಗೆ ಬೀಳುತ್ತದೆ. ಸದ್ದಿಲ್ಲದೆ ಹೋದ ನಲ್ ಚೆಕ್ (ಬೆಲೆ ಖಾಲಿಯೇ ಎಂದು ನೋಡುವ ಸಾಲು) ಹುಡುಕಿದರೆ ಮಾತ್ರ ಸಿಗುತ್ತದೆ.