ಪೋಸ್ಟರ್‌ನಲ್ಲಿ ಫೋನ್ ನಂಬರ್ ಹಾಕಿದ್ದೇ ನನ್ನ ಮೊದಲ ತಪ್ಪು

ಉಗ್ಗುವವರನ್ನೆಲ್ಲ ಒಂದೇ ಕಡೆ ಕೂರಿಸಿದರೆ ಉಗ್ಗು ಇನ್ನೂ ಜಾಸ್ತಿಯಾಗುತ್ತದೆ ಅಂತ ನನಗೆ ಹೇಳದವರಿಲ್ಲ. ನಮ್ಮ ಗುಂಪಿಗೆ ಈಗ ಆರು ವರ್ಷ. ವಾರವಾರ ಹದಿನೈದು ಹದಿನಾರು ಜನ ಬರುತ್ತಾರೆ. ಅದಕ್ಕೂ ಮುಂಚೆ ಎರಡು ಸಲ ಶುರುಮಾಡಿ ಎರಡು ಸಲವೂ ಮುಚ್ಚಿದ್ದೆ.

ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರು ಉಗ್ಗುತ್ತಾರೆ. ಆ ಲೆಕ್ಕ ನಂಬಿ ಎಂಬತ್ತು ಕುರ್ಚಿಯ ಹಾಲ್ ಹಿಡಿದೆ, ಮೂರು ತಿಂಗಳ ಬಾಡಿಗೆ ಮುಂಗಡ. ಉಳಿದ ದುಡ್ಡೆಲ್ಲ ಪೋಸ್ಟರ್‌ಗೆ ಹೋಯಿತು. ದಪ್ಪ ಅಕ್ಷರದಲ್ಲಿ ನನ್ನ ಫೋನ್ ನಂಬರ್. ತಿಂಗಳಲ್ಲಿ ಬಂದಿದ್ದು ನಾಲ್ಕೋ ಐದೋ ಕರೆ, ಅದರಲ್ಲಿ ಮೂರು ಮಕ್ಕಳ ಪರವಾಗಿ ಅಮ್ಮಂದಿರದು. ನಮ್ಮವರು ಎಲ್ಲಕ್ಕಿಂತ ಹೆದರುವುದೇ ಫೋನಿಗೆ ಅಲ್ವಾ? ಮುಂದೆ ‘ಮೆಸೇಜ್ ಮಾಡಿದರೆ ಸಾಕು’ ಅಂತ ಹಾಕಿದ ವಾರವೇ ಇಪ್ಪತ್ತರ ಹತ್ತಿರ ಮೆಸೇಜ್ ಬಂದವು.

ಎರಡನೇ ಸಲ ಎಲ್ಲರೂ ಎದ್ದು ಹೆಸರು ಹೇಳುವುದರಿಂದ ಶುರುಮಾಡಿದೆ. ಬೇರೆ ಮಾತು ಸಿಕ್ಕಿಕೊಂಡರೆ ಬದಲಿ ಮಾತು ಹುಡುಕಬಹುದು, ಹೆಸರಿಗೆ ಬದಲಿ ಇಲ್ಲ. ಒಬ್ಬ ಹುಡುಗ ‘ಮ’ದಲ್ಲೇ ನಿಂತ. ತುಟಿ ಅಂಟಿಕೊಂಡಿತ್ತು, ಕಣ್ಣು ಮುಚ್ಚಿತ್ತು, ಕೈ ಮುಂದಿನ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಪಕ್ಕದವರು ತಡೆಯಲಾರದೆ ತಾವೇ ಊಹಿಸಿ ಒಂದು ಹೆಸರು ಹೇಳಿದರು. ಅವನು ಹೂಂ ಅಂತ ತಲೆಯಾಡಿಸಿ ಕೂತ. ಅದು ಅವನ ಹೆಸರೇ ಅಲ್ಲ ಅಂತ ಆಮೇಲೆ ರಿಜಿಸ್ಟರ್ ನೋಡಿದಾಗ ಗೊತ್ತಾಯಿತು. ಅವನು ಮತ್ತೆ ಬರಲಿಲ್ಲ.

ಆ ಸಲ ತರಬೇತಿ ಕೊಡಲು ಒಬ್ಬರನ್ನು ಕರೆಸಿದ್ದೆ. ಕೂಡಿದ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಅವರಿಗೇ ಹೋಯಿತು. ರೂಮಿನೊಳಗೆ ಎಲ್ಲರ ಮಾತೂ ಸರಾಗ, ಹೊರಗೆ ಕಾಲಿಟ್ಟರೆ ಮೊದಲಿನ ಹಾಗೇ. ಸರಾಗವಾಗಿ ಮಾತಾಡಿದವರಿಗೆ ಚಪ್ಪಾಳೆ ತಟ್ಟುತ್ತಿದ್ದೆವು. ಚಪ್ಪಾಳೆ ಸಿಗದವರು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರು.

ಮೂರನೇ ಸಲ ಇದನ್ನೆಲ್ಲ ತೆಗೆದುಹಾಕಿದೆ. ಫೀಸಿಲ್ಲ, ಚಪ್ಪಾಳೆ ಇಲ್ಲ, ಹೆಸರು ಬೇಕಾದರೆ ಕೊನೆಯಲ್ಲಿ ಹೇಳಿ. ಯಾರ ಮಾತನ್ನೂ ಯಾರೂ ಮುಗಿಸಿಕೊಡುವ ಹಾಗಿಲ್ಲ. ‘ನಿಧಾನ, ಉಸಿರು ತಗೋ’ ಅನ್ನುವ ಹಾಗೂ ಇಲ್ಲ. ಸಣ್ಣ ರೂಮು ಪುಕ್ಕಟೆ ಸಿಕ್ಕಿತು. ತಿಂಗಳ ಖರ್ಚು ಮೊದಲಿನ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು.

ಗುಂಪು ಉಳಿದುಕೊಂಡಿದ್ದು ಫೋನ್ ಕರೆಗಳಿಂದ. ಸ್ಪೀಕರ್ ಹಾಕಿ, ಸುತ್ತ ಎಲ್ಲರೂ ಕೂತು, ಯಾವುದೋ ಅಂಗಡಿಗೆ ಕರೆ ಮಾಡಿ ಎಷ್ಟು ಗಂಟೆಗೆ ಮುಚ್ಚುತ್ತೀರಿ ಅಂತ ಕೇಳಬೇಕು. ಮೊದಲ ಮಾತಲ್ಲಿ ಬೇಕಂತಲೇ ಉಗ್ಗಬೇಕು. ಹೆದರಿಕೆ ಬಿಡಿಸಲು ಬೇಕಂತಲೇ ಉಗ್ಗುವುದು ಅಮೆರಿಕದ ಮಾತಿನ ಚಿಕಿತ್ಸಕ ಚಾರ್ಲ್ಸ್ ವ್ಯಾನ್ ರೈಪರ್ ಕಾಲದಿಂದ ಇರುವುದೇ, ಸುತ್ತ ಜನ ಕೂರಿಸಿದ್ದು ಮಾತ್ರ ನನ್ನದು. ಅಂಗಡಿಯವರಲ್ಲಿ ಅರ್ಧ ಜನ ಫೋನ್ ಇಟ್ಟುಬಿಡುತ್ತಾರೆ ಅಂತ ಅಂದುಕೊಂಡಿದ್ದೆವು. ಇನ್ನೂರು ಕರೆಯಲ್ಲಿ ಇಟ್ಟವರು ಹನ್ನೆರಡೋ ಹದಿನೈದೋ ಇರಬಹುದು. ಹೊಸಬರ ಮೊದಲ ಕರೆಗೆ ಯಾವ ನಂಬರ್ ಆರಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಜೊತೆಗೆ ಕೂತೇ ಕಲಿಯಬೇಕು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಎಲ್ಲರೂ ಒಟ್ಟಿಗೆ ದನಿಗೂಡಿಸಿ ಓದಿದರೆ ಹೆಚ್ಚುಕಮ್ಮಿ ಯಾರೂ ಉಗ್ಗುವುದಿಲ್ಲ. ಒಂದೊಂದೇ ದನಿ ನಿಲ್ಲಿಸುತ್ತಾ ಬಂದರೆ ಏನಾಗುತ್ತದೆ ಅಂತ ನೋಡಿದೆ. ಇಬ್ಬರು ಉಳಿಯುವವರೆಗೂ ಓದು ಸರಾಗ, ಒಬ್ಬರೇ ಆದಾಗ ಎರಡು ಸಾಲಿನೊಳಗೆ ಸಿಕ್ಕಿಕೊಂಡರು. ನಮ್ಮ ದನಿಯನ್ನೇ ತಡವಾಗಿ ಕೇಳಿಸುವ ಆ್ಯಪ್‌ಗೆ ಅಂತ ನಾಲ್ಕು ಹೆಡ್‌ಫೋನ್ ಕೊಂಡೆ. ತಿಂಗಳಾದ ಮೇಲೆ ಯಾರೂ ಮುಟ್ಟಲಿಲ್ಲ. ಆ ದುಡ್ಡು ಸುಮ್ನೆ ಹೋಯಿತು.

ಅಕ್ಟೋಬರ್ 22, ಉಗ್ಗಿನ ಅರಿವಿನ ದಿನ, 1998ರಿಂದ ಇದೆ. ಅವತ್ತು ಮನೆಯವರನ್ನೂ ಕರೆದು, ಅವರಿಂದಲೇ ಉಗ್ಗುತ್ತಾ ಕರೆ ಮಾಡಿಸುತ್ತೇವೆ. ಹೋದ ವರ್ಷ ಒಬ್ಬ ಅಪ್ಪ ಮೊದಲ ರಿಂಗಿಗೇ ಫೋನ್ ಕೆಳಗಿಟ್ಟುಬಿಟ್ಟರು. ಅಂಗೈ ಒರೆಸಿಕೊಂಡು ಮಗಳನ್ನು ಕೇಳಿದರು: ‘ನಿಂಗೆ ದಿನಾ ಹೀಗೇನಾಮ್ಮಾ?’ ಅವಳು ಹೂಂ ಅಂದು, ಮುಂದಿನ ನಂಬರ್ ತಾನೇ ಒತ್ತಿದಳು.