ಆಡಿನ ಮಿದುಳಿನಲ್ಲಿ ಪಿಇಎ ಪೀಕ್ ಕಾಣಿಸದಿದ್ದರೆ

ಸ್ಯಾಂಪಲ್ ತಯಾರಿ ಕಾರವಾರದಲ್ಲಿ, ಎಲ್‌ಸಿ-ಎಂಎಸ್ (ವಸ್ತುಗಳನ್ನು ಬೇರ್ಪಡಿಸಿ ಅಣುತೂಕದಿಂದ ಗುರುತಿಸುವ ಯಂತ್ರ) ಧಾರವಾಡದಲ್ಲಿ. ಮಿದುಳಿನಲ್ಲಿ ಅತಿ ಕಡಿಮೆ ಪ್ರಮಾಣದಲ್ಲಿರುವ ಎರಡು ಅಮೀನ್‌ಗಳಲ್ಲಿ ಟೈರಮೀನ್ ಪೀಕ್ ಸರಿಯಾಗಿ ಬರುತ್ತಿತ್ತು. ಫಿನೈಲ್‌ಎಥಿಲಮೀನ್, ಅಂದರೆ ಪಿಇಎ, ಮಾತ್ರ ನಾಪತ್ತೆ.

ಕಾಲಮ್ ಬದಲಿಸಿದೆ, ಅಂಗಾಂಶ ಜಾಸ್ತಿ ಹಾಕಿದೆ. ಪ್ರಯೋಜನವಾಗಲಿಲ್ಲ. ಮಟನ್ ಅಂಗಡಿಯಿಂದಲೇ ಐಸಿನಲ್ಲಿಟ್ಟು ತಂದರೂ ಅಷ್ಟೇ. (ಐಸ್ ಬಿಡಬೇಡಿ, ಅಮೀನ್‌ಗಳನ್ನು ಒಡೆಯುವ ಎಂಎಒ (ಮೊನೊಅಮೀನ್ ಆಕ್ಸಿಡೇಸ್) ಕಿಣ್ವ ಪಿಇಎಯನ್ನು ಬೇಗ ಮುಗಿಸಿಬಿಡುತ್ತದೆ.)

ಸುಳಿವು ಸಿಕ್ಕಿದ್ದು ಅರೆಯುವಾಗ ನಾನೇ ಸೇರಿಸಿದ್ದ ಡ್ಯುಟೇರಿಯಂ ಪಿಇಎಯಿಂದ (ಭಾರದ ಹೈಡ್ರೋಜನ್ ಇರುವ, ಗುರುತಿಗೆಂದು ಹಾಕುವ ಪಿಇಎ). ಅದೂ ಕಾಣೆ! ಅಂದಮೇಲೆ ಮಾಲು ನಡುವೆ ಎಲ್ಲೋ ಹೋಗುತ್ತಿದೆ ಅಲ್ವಾ? ಕ್ಷಾರ ಮಾಡಿ ದ್ರಾವಕಕ್ಕೆ ಎಳೆದ ಪಿಇಎ ಸುಲಭವಾಗಿ ಆವಿಯಾಗುತ್ತದೆ. ನೈಟ್ರೋಜನ್ ಊದಿ ಒಣಗಿಸುವಾಗ ದ್ರಾವಕದ ಜೊತೆ ಅದೂ ಹಾರಿಹೋಗುತ್ತಿತ್ತು. ಟೈರಮೀನ್ ಅಷ್ಟು ಸುಲಭಕ್ಕೆ ಹಾರುವುದಿಲ್ಲ.

ಕೊನೆಗೆ ಫಲ ಕೊಟ್ಟ ಕ್ರಮ: ಮಿದುಳನ್ನು 0.1 ಮೋಲಾರ್ ತಣ್ಣನೆಯ ಪರ್‌ಕ್ಲೋರಿಕ್ ಆಮ್ಲದಲ್ಲಿ ಅರೆದು, 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್ ಮಾಡಿ. ಮೇಲೆ ನಿಂತ ತಿಳಿದ್ರವದ ಪಿಎಚ್ 11ಕ್ಕೆ ಏರಿಸಿ, ಈಥೈಲ್ ಅಸಿಟೇಟ್‌ಗೆ ಎಳೆಯಿರಿ. ಒಣಗಿಸುವ ಮೊದಲೇ ಮೆಥನಾಲ್‌ನಲ್ಲಿ ಮಾಡಿದ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 50 ಮೈಕ್ರೋಲೀಟರ್ ಹಾಕಿ ಅಲ್ಲಾಡಿಸಿ. ಪಿಇಎ ಉಪ್ಪಾಗಿ ಟ್ಯೂಬಿನ ತಳದಲ್ಲೇ ಉಳಿಯುತ್ತದೆ. ಬಿಸಿ ಮಾಡದೆ, ಸಣ್ಣಗೆ ನೈಟ್ರೋಜನ್ ಬಿಡಿ. 0.1% ಫಾರ್ಮಿಕ್ ಆಮ್ಲದಲ್ಲಿ ಕರಗಿಸಿ ಓಡಿಸಿ. 122ರಿಂದ 105ಕ್ಕೆ ಹೋಗುವ ಜೋಡಿಯಲ್ಲಿ (ಯಂತ್ರದಲ್ಲಿ 122 ತೂಕದ ಪಿಇಎ ಅಯಾನು ಒಡೆದು 105ರ ತುಣುಕಾಗುತ್ತದೆ) ಪೀಕ್ ನೆಟ್ಟಗೆ ಎದ್ದಿತು. ಸ್ಟಾಂಡರ್ಡ್‌ಗೂ (ಪ್ರಮಾಣ ಗೊತ್ತಿರುವ ಹೋಲಿಕೆಯ ದ್ರಾವಣ) ಇದೇ ಕ್ರಮ, ಸುಮ್ನೆ ನೇರವಾಗಿ ಚುಚ್ಚಬೇಡಿ.